ಮರೆಯಲ್ಲಿ ಸವಿಯುವ ಎರಡು ಚಿತ್ರಗಳು

ಪಥ್ಯದ ಊಟವನ್ನು ಮುಗಿಸಿದವನ ಕೈಯು ಉಪ್ಪಿನಕಾಯಿಯ ಭರಣಿಯ ಕಡೆಗೆ ತಾನಾಗಿಯೇ ಚಾಚುವುದುಂಟು. ಹಾಗೆಯೇ ಶಾಕುಂತಲವನ್ನೂ ಉತ್ತರರಾಮಚರಿತವನ್ನೂ ಪಾಠ ಹೇಳಿದವರಿಗೂ ಹೊಡೆದಾಟದ ಚಿತ್ರಗಳಲ್ಲಿ ಒಂದು ಗುಪ್ತವಾದ ಚಾಪಲ್ಯವಿರುವುದು. ಮನೆಯವರು ಒಳಗೆ ಬಂದೊಡನೆ ಪುಸ್ತಕವನ್ನು ಕೈಗೆತ್ತಿಕೊಳ್ಳುವುದೇ ಇದಕ್ಕೆ ವಿಹಿತವಾದ ಪ್ರಾಯಶ್ಚಿತ್ತ. ಅಂತಹ ಎರಡು ಚಿತ್ರಗಳನ್ನು ಕುರಿತು ಈ ತಿಂಗಳು ವಾಚಕರೊಡನೆ ಮಾತನಾಡಬೇಕೆಂದಿರುವೆನು. ಎರಡೂ ಅಮೆರಿಕಾ ದೇಶದವು; ಎರಡೂ 1997ನೆಯ ಇಸವಿಯ ಜೂನ್ ತಿಂಗಳಲ್ಲಿಯೇ ಅಲ್ಲಿ ತೆರೆಗೆ ಬಂದವು; ಎರಡರಲ್ಲಿಯೂ ನಿಕೊಲಸ್ ಕೇಜ್ ಎಂಬ ನಟನಿರುವನು.

ಸೈಮನ್ ವೆಸ್ಟ್ ನಿರ್ದೇಶಿಸಿದ 'ಕಾನ್ ಏರ್' ಚಿತ್ರದಲ್ಲಿ ಕೇಜನು ಒಬ್ಬ ಸೈನಿಕನು. ಗರ್ಭಿಣಿಯಾದ ಹೆಂಡತಿಯನ್ನು ಕಾಪಾಡಹೋಗಿ ಒಬ್ಬನನ್ನು ಕೊಂದು, ಶಿಕ್ಷೆಯನ್ನನುಭವಿಸಿ, ಎಂದೂ ಎತ್ತಿಕೊಂಡಿಲ್ಲದ ಮಗಳಿಗೆಂದು ಮೊಲದ ಬೊಂಬೆಯೊಂದನ್ನು ಇಟ್ಟುಕೊಂಡು ಮನೆಗೆ ಹೊರಟಿರುವನು. ಅವನೇರಿದ ಕೈದಿಗಳ ವಿಮಾನವನ್ನು ಘೋರಪಾತಕಿಗಳು ಆಕಾಶದಲ್ಲಿಯೇ ವಶಪಡಿಸಿಕೊಳ್ಳುವರು. ಕಡೆಗೆ ಅದು ಲಾಸ್ ವೇಗಾಸ್ ನಗರದ ನಡುಬೀದಿಯಲ್ಲಿಳಿದು ಹೋಟೆಲೊಂದರೊಳಕ್ಕೆ ನುಗ್ಗುವುದು. ಕೆಡವಲಿದ್ದ ಸ್ಯಾಂಡ್ಸ್ ಹೋಟೆಲು ಈ ದೃಶ್ಯಕ್ಕೆ ಒದಗಿತಂತೆ, ಮಿತವ್ಯಯವೆಂದರೆ ಇದು! ರೌದ್ರವು ಮೇರೆಮೀರಿದರೆ ಹಾಸ್ಯವಾಗುವುದು. ಬೊಂಬೆಯನ್ನು ಪೆಟ್ಟಿಗೆಯಲ್ಲಿಡೆಂದು ನಾಯಕನು ಗಂಭೀರವಾಗಿ ಆಜ್ಞಾಪಿಸುವಾಗ ನಗದಿರುವವನು ಯೋಗಿಯೇ ಸರಿ.

ಜಾನ್ ವೂ ನಿರ್ದೇಶಿಸಿದ 'ಫೇಸ್ ಆಫ್' ಇದಕ್ಕಿಂತಲೂ ಅಸಂಭವವಾದುದು. ತನ್ನ ಎಳೆಯ ಮಗನನ್ನು ಕೊಂದ ಪಾತಕಿಯ ಮುಖವನ್ನು ಒಬ್ಬ ಅಧಿಕಾರಿಯು ಶಸ್ತ್ರಚಿಕಿತ್ಸೆಯಿಂದ ಧರಿಸುವನು; ಪಾತಕಿಯು ಅಧಿಕಾರಿಯ ಮುಖವನ್ನು ಧರಿಸಿ ಅವನ ಮನೆಯನ್ನೇ ಸೇರುವನು. 2005ರಲ್ಲಿ ಫ್ರಾನ್ಸಿನ ವೈದ್ಯರು ಮುಖದ ಒಂದು ಭಾಗವನ್ನು ಕಸಿಮಾಡಿದರೆಂಬುದು ನಿಜ. ಆದರೆ ಒಳಗಿನ ಎಲುಬು ಬೇರೆಯಾಗಿರುವಾಗ ಚಹರೆಯು ಹಾಗೆಯೇ ಇಳಿದುಬರಲಾರದು.

ಸಂಸ್ಕೃತದ 'ಭಗವದಜ್ಜುಕ' ಪ್ರಹಸನವನ್ನು ಬಲ್ಲವರಿಗೆ ಈ ಅದಲುಬದಲು ಹೊಸತಲ್ಲ. ಅಲ್ಲಿ ಸಂನ್ಯಾಸಿಯ ಜೀವವು ಗಣಿಕೆಯ ದೇಹವನ್ನೂ, ಯಮದೂತನ ಕೈಯಿಂದ ಆಕೆಯ ಜೀವವು ಸಂನ್ಯಾಸಿಯ ದೇಹವನ್ನೂ ಹೊಗುವುವು. ಅಲ್ಲಿಯ ಫಲ ನಗೆ, ಇಲ್ಲಿ ಕರುಣ. ಹೆಂಡತಿಯ ಮುಂದೆ ನಿಂತ ಗಂಡನಿಗೆ ಮಗುವನ್ನು ಕೊಂದವನ ಮುಖವಿರುವುದು! ವೈದ್ಯೆಯಾದ ಆಕೆಯು ರಕ್ತವನ್ನು ಪರೀಕ್ಷಿಸಿದ ಮೇಲೆಯೇ ನಂಬುವಳು. ಇಗರ್ಜಿಯಲ್ಲಿ ಪಾರಿವಾಳಗಳ ನಡುವೆ ಗುಂಡು ಹಾರಿಸುವ ಆಡಂಬರವನ್ನು ಈ ಒಂದು ದೃಶ್ಯಕ್ಕಾಗಿ ಕ್ಷಮಿಸಿಬಿಟ್ಟೆನು.

'ಕಾನ್ ಏರ್' ಚಿತ್ರದಲ್ಲಿ ನನಗೆ ಸೇರದುದೊಂದಿದೆ. ಹಲವರನ್ನು ಕೊಂದ ಒಬ್ಬ ವಿಕೃತನು ಒಂದು ಪುಟ್ಟ ಹುಡುಗಿಯೊಡನೆ ಬೊಂಬೆಗಳ ನಡುವೆ ಕುಳಿತು ಆಡುವನು. ನಮ್ಮ ಎದೆ ನಡುಗುವುದು. ಆಕೆಗೆ ಏನೂ ಆಗುವುದಿಲ್ಲ. ಸರಿ. ಆದರೆ ಕಡೆಯಲ್ಲಿ ಅವನು ಜೂಜಿನ ಮನೆಯಲ್ಲಿ ಸ್ವತಂತ್ರನಾಗಿ ನಗುತ್ತಿರುವನು. "ಅದು ಬರಿಯ ವಿನೋದವಪ್ಪಾ" ಎಂದನು, ಕಾಲೇಜಿನಲ್ಲಿ ಓದುವ ನನ್ನ ಕಿರಿಯ ಮಗನು. "ಸತ್ತವರ ತಾಯಂದಿರೂ ನಗುವರೇನಪ್ಪ?" ಎಂದು ಕೇಳಿದೆನು. ಅವನು ಉತ್ತರ ಕೊಡಲಿಲ್ಲ. ನನ್ನ ಮಾತನ್ನು ಒಪ್ಪಿದನೆಂದೂ ತೋರಲಿಲ್ಲ.

ಇನ್ನೊಂದು ಚಿತ್ರದ ಕೊನೆಯಲ್ಲಿ ಅಧಿಕಾರಿಯು ಆ ಪಾತಕಿಯ ಅನಾಥ ಬಾಲಕನನ್ನು ಕೈಹಿಡಿದು ತನ್ನ ಮನೆಗೆ ಕರೆತರುವನು. ಬಾಗಿಲಲ್ಲಿ ಮಗನನ್ನು ಕಳೆದುಕೊಂಡ ತಾಯಿಯು ನಿಂತಿರುವಳು. ನನ್ನ ಮಗನು ಆ ಹೊತ್ತಿಗೆ ನೀರು ಕುಡಿಯಲು ಎದ್ದು ಹೋಗಿದ್ದುದರಿಂದ ಕನ್ನಡಕವನ್ನು ತೆಗೆದು ಒರಸಿಕೊಳ್ಳಲು ನನಗೆ ಅನುಕೂಲವಾಯಿತು.