ಚೋಮನನ್ನು ಮೂರು ಸಲ ಓದಿ



1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಅವರ ಮಂತ್ರಿಗಿರಿ ಹೋಯಿತು. ಬೀದಿಯಲ್ಲಿ ಏಟು ತಿಂದವರು ದಲಿತ ವಿದ್ಯಾರ್ಥಿಗಳು. ಹಾಗಂತ ನಾವು ಪುಸ್ತಕ ಮುಚ್ಚಿಡಬೇಕಾ? ಬೇಡ. ಬೂಸಾ ಯಾವುದು, ಕಾಳು ಯಾವುದು ಅಂತ ಜರಡಿ ನಾವೇ ಹಿಡಿಯೋಣ.

ಕಾರಂತರ ‘ಚೋಮನ ದುಡಿ’ (1933) ತಗೊಳ್ಳಿ. ಮೊದಲ ಸಲ ಅಳು ಬರುತ್ತೆ. ಚೋಮನ ಮಗ ನೀಲ ನೀರಲ್ಲಿ ಮುಳುಗುತ್ತಾನೆ. ದಡದಲ್ಲಿದ್ದ ಮೇಲ್ಜಾತಿಯವರಿಗೆ ಮೈಲಿಗೆಯ ಭಯ.

ಎರಡನೇ ಸಲ ಸಿಟ್ಟು ಬರುತ್ತೆ. ಚೋಮನಿಗೆ ಎತ್ತುಗಳಿವೆ, ಉಳೋಕೆ ನೆಲ ಇಲ್ಲ. ಹೊಲೆಯನಿಗೆ ಬೇಸಾಯ ಕೊಡಬಾರದು ಅನ್ನುತ್ತೆ ಒಡೆಯನ ಮನೆ. ಸಾಲ ತೀರಿಸೋಕೆ ಮಕ್ಕಳು ಕಾಫಿ ತೋಟಕ್ಕೆ ಹೋಗ್ತಾರೆ. ಹಣೆಬರಹ ಅಂದುಕೊಂಡದ್ದು ಸಾಹುಕಾರನ ಲೆಕ್ಕ ಅಂತ ಆಗ ತಿಳಿಯುತ್ತೆ.

ಮೂರನೇ ಸಲ ಪ್ರಶ್ನೆ ಏಳುತ್ತೆ. ಚೋಮ ಯಾಕೆ ಒಬ್ಬನೇ ದುಡಿ ಬಾರಿಸುತ್ತಾ ಸಾಯಬೇಕು? ಕೇರಿಯ ಉಳಿದವರು ಎಲ್ಲಿ? ಕಾರಂತರ ಮರುಕ ನಿಜವಾದದ್ದೇ. ಆದರೆ ಮರುಕ ನಿಲ್ಲುವ ಜಾಗದಿಂದ ಮುಂದಕ್ಕೆ ಕೇರಿಯೇ ಮಾತಾಡಬೇಕು. ದೇವನೂರರ ‘ಕುಸುಮಬಾಲೆ’ ಹಾಗೆ ಮಾತಾಡಿತು; 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯೂ ಕೇಳಿಸಿಕೊಂಡಿತು.

ಹಾಸ್ಟೆಲಿನಲ್ಲಿ ಹತ್ತು ಜನ ಸೇರಿ ಒಂದೇ ಪ್ರತಿ ಓದಿ. ಅತ್ತ ಕಡೆ ಒಂದು ಗೆರೆ, ಸಿಟ್ಟು ಬಂದ ಕಡೆ ಎರಡು ಗೆರೆ ಹಾಕಿ. ಪ್ರಶ್ನೆ ಎದ್ದ ಕಡೆ ಪುಸ್ತಕ ಕೆಳಗಿಟ್ಟು ನೀವೇ ಬರೆಯಿರಿ.