ಸೈನೈಡ್ ಗುಡ್ಡ ಹತ್ತಿದ್ರು, ಪಾನಿಪೂರಿ ತಿಂದ್ರು, ವಾಪಸ್ ಹೋದ್ರು: ಊರಿಗೆ ಉಳಿದಿದ್ದೇನು?

ಬಂಗಾರಪೇಟೆ/ಕೆಜಿಎಫ್: ಭಾನುವಾರ ಬೆಂಗಳೂರು ಕಡೆಯಿಂದ ಬರುವ ಕಾರುಗಳ ದಾರಿ ಹೆಚ್ಚುಕಮ್ಮಿ ಒಂದೇ. ಕಮ್ಮಸಂದ್ರದಲ್ಲಿ ಕೋಟಿಲಿಂಗೇಶ್ವರನ 108 ಅಡಿ ಲಿಂಗದ ಮುಂದೆ ಫೋಟೊ, ಕೆಜಿಎಫ್‌ನ ಸೈನೈಡ್ ಗುಡ್ಡದಲ್ಲಿ ರೀಲ್ಸ್, ಸಂಜೆ ಬಂಗಾರಪೇಟೆಯಲ್ಲಿ ಪಾನಿಪೂರಿ. ಕತ್ತಲಾಗುವಷ್ಟರಲ್ಲಿ ಹೆದ್ದಾರಿ. ಊರಲ್ಲಿ ಬಿಟ್ಟು ಹೋಗೋದು ಪ್ಲೇಟ್ ಲೆಕ್ಕದ ದುಡ್ಡು, ಅಷ್ಟೇ.

2018 ಮತ್ತು 2022ರಲ್ಲಿ ಬಂದ ‘ಕೆಜಿಎಫ್’ ಸಿನಿಮಾಗಳು ಈ ಗುಡ್ಡಗಳನ್ನ ದೇಶಕ್ಕೆಲ್ಲ ತೋರಿಸಿದವು. ಬಂಗಾರಪೇಟೆ ಹೆಸರನ್ನ ಅದಕ್ಕೂ ಮೊದಲೇ ಪಾನಿಪೂರಿ ಹೊತ್ತುಕೊಂಡು ಹೋಗಿತ್ತು. ಬೆಂಗಳೂರಿನ ಬಡಾವಣೆಗಳಲ್ಲಿ ‘ಬಂಗಾರಪೇಟೆ ಚಾಟ್ಸ್’ ಬೋರ್ಡ್ ಕಾಣೋದು ಹೊಸದೇನಲ್ಲ. ಆದ್ರೆ ಅಲ್ಲಿ ಮಾರಾಟವಾದ ಪ್ಲೇಟಿನಿಂದ ಇಲ್ಲಿನ ಗಾಡಿಯವರಿಗೆ ಒಂದು ಪೈಸೆಯೂ ಬರಲ್ಲ.

ಇಲ್ಲಿನ ಪಾನಿಯ ಗುರುತು ಅಂದ್ರೆ ಅದಕ್ಕೆ ಬಣ್ಣವೇ ಇಲ್ಲ. ನೋಡೋಕೆ ಕುಡಿಯುವ ನೀರು, ಬಾಯಿಗೆ ಹಾಕಿದ್ರೆ ಕಣ್ಣಲ್ಲಿ ನೀರು. 2024ರಲ್ಲಿ ಈ ಬಣ್ಣವಿಲ್ಲದ ಪಾನಿಗೆ ಬೆಲೆ ಬರಬೇಕಿತ್ತು. ಆ ವರ್ಷ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಪಾನಿಪೂರಿಯ 260 ಮಾದರಿ ಪರೀಕ್ಷೆ ಮಾಡಿಸಿದಾಗ 41 ಅಸುರಕ್ಷಿತ ಅಂತ ಬಂತು. ಕೃತಕ ಬಣ್ಣಗಳೇ ದೊಡ್ಡ ತಕರಾರು. ಅದೇ ವರ್ಷ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕೋದನ್ನ ಸರ್ಕಾರ ನಿಷೇಧಿಸಿತ್ತು. ‘ನಮ್ಮ ಪಾನಿಯಲ್ಲಿ ಬಣ್ಣವೇ ಇಲ್ಲ’ ಅಂತ ಎದೆ ತಟ್ಟಿ ಹೇಳುವ ಅವಕಾಶ ಬಂಗಾರಪೇಟೆಗೆ ತಾನಾಗಿ ಒದಗಿ ಬಂದಿತ್ತು.

ಆದ್ರೆ ಬಣ್ಣ ಇಲ್ಲ ಅಂದ ಮಾತ್ರಕ್ಕೆ ನೀರು ಚೆನ್ನಾಗಿದೆ ಅಂತ ಅರ್ಥವಲ್ಲ. ಇದು ಬೋರ್‌ವೆಲ್ ನಂಬಿದ ಜಿಲ್ಲೆ, ಫ್ಲೋರೈಡ್‌ಗೆ ಹೆಸರಾದ ಜಿಲ್ಲೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಬರ್ತಿದೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ ಹೋರಾಟಗಾರರು ಕೇಳ್ತಲೇ ಇದ್ದಾರೆ. ಹೀಗಿರುವಾಗ ಗಾಡಿಗೆ ಬರುವ ನೀರು ಯಾವ ಘಟಕದ್ದು, ಪರೀಕ್ಷೆ ಆಗಿದ್ದು ಯಾವಾಗ ಅನ್ನೋದನ್ನ ಗಿರಾಕಿಗೆ ಕಾಣುವ ಹಾಗೆ ಬರೆಸೋದು ಪುರಸಭೆಗೆ ದೊಡ್ಡ ಖರ್ಚಿನ ಕೆಲಸವಲ್ಲ.

ಹೆಸರು ಉಳಿಸಿಕೊಳ್ಳೋಕೂ ದಾರಿ ಇದೆ. ಧಾರವಾಡ ಪೇಡಕ್ಕೆ ಜಿಐ ಟ್ಯಾಗ್ ಸಿಕ್ಕಿದೆ. ಅದಕ್ಕೆ ಅರ್ಜಿ ಹಾಕಬೇಕಿರೋದು ತಯಾರಕರ ಸಂಘದಂಥ ಸಂಸ್ಥೆ, ಒಬ್ಬ ಅಂಗಡಿಯವನಲ್ಲ. ಪಾನಿಯ ಗುಟ್ಟನ್ನ ಪಕ್ಕದ ಗಾಡಿಯವನಿಗೂ ಹೇಳದ ವ್ಯಾಪಾರದಲ್ಲಿ ಸಂಘ ಕಟ್ಟೋದು ಎಷ್ಟು ಕಷ್ಟ ಅಂತ ಬೇರೆ ಹೇಳಬೇಕಾಗಿಲ್ಲ.

ಕೆಜಿಎಫ್ ಕಥೆ ಇನ್ನೂ ಬಿಗಿ. 2001ರ ಫೆಬ್ರವರಿ 28ರಂದು ಬಿಜಿಎಂಎಲ್ ಗಣಿ ಮುಚ್ಚಿದ ಮೇಲೆ ಇಲ್ಲಿನ ದುಡಿಯುವ ಜನ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರ್ತಾರೆ. ಹಗಲು ಕಾಫಿ, ಊಟದ ಖರ್ಚೆಲ್ಲ ಅಲ್ಲೇ. ಹೊರಗಿನವರು ಬಂದ್ರೆ ಕೂತು ತಿನ್ನೋಕೆ ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆ ಸುತ್ತ ತಮಿಳು, ತೆಲುಗು, ಉರ್ದು ಮನೆಗಳ ಅಡುಗೆ ರುಚಿಯೆಲ್ಲ ಸಿಗುತ್ತೆ. ಗುಡ್ಡ ನೋಡಿದವರನ್ನ ಅಲ್ಲಿಗೆ ಕರೆದೊಯ್ಯುವ ಒಂದು ಬೋರ್ಡ್ ಆದ್ರೂ ಬೇಡ್ವಾ? ಕುಡಿಯೋ ವಿಷಯಕ್ಕೆ ಬಂದ್ರೆ ಈ ಊರಲ್ಲಿ ಮೊದಲಿನಿಂದ ಎರಡು ಬಾಗಿಲು: ಸಾಹೇಬರಿಗೆ ಕ್ಲಬ್, ಲೈನ್ ಮನೆಯವರಿಗೆ ಸಾರಾಯಿ. 2007ರಲ್ಲಿ ಸಾರಾಯಿ ನಿಷೇಧವಾಯ್ತು. ಈಗ ಬರುವವರು ಬಾಟಲಿ ಜೊತೆಗೇ ತಂದು, ಖಾಲಿಯಾದ್ಮೇಲೆ ಗುಡ್ಡದ ಬುಡದಲ್ಲಿ ಒಡೆದು ಹೋಗ್ತಾರೆ.

ದೊಡ್ಡ ನಗರಗಳಲ್ಲಿ ಕಲಾವಿದರನ್ನ ಕರೆಸಿ ಗೋಡೆಗೆ ಬಣ್ಣ ಹೊಡೆಸ್ತಾರೆ. ಕೆಜಿಎಫ್‌ನಲ್ಲಿ ಅಂಥ ಕೆಲಸವನ್ನ ಗಣಿಯೇ ಮಾಡಿಟ್ಟಿದೆ. ನೂರು ವರ್ಷಕ್ಕೂ ಮೀರಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ, ಮಳೆ ಕೊರೆದ ಗೆರೆಗಳು. ನೋಡೋಕೆ ಚೆಂದ, ಪಕ್ಕದಲ್ಲಿ ಬದುಕೋಕಲ್ಲ. ಗಾಳಿ ಎದ್ದ ದಿನ ಆ ಧೂಳು ಲೈನ್ ಮನೆಗಳ ಅನ್ನದ ತಟ್ಟೆಗೂ ಬೀಳುತ್ತೆ.

ಈಗ ಆ ಗುಡ್ಡಗಳಿಗೇ ದಿನ ಎಣಿಸುವ ಕಾಲ ಬಂದಿದೆ. ಸುಮಾರು 1,003 ಎಕರೆಯಲ್ಲಿರುವ 13 ಗುಡ್ಡಗಳನ್ನ ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಅಲ್ಲಿರುವ ಪುಡಿ ಸುಮಾರು 3.3 ಕೋಟಿ ಟನ್. ಗುಡ್ಡ ಕರಗಿದ್ರೆ ಧೂಳು ಹೋಗಬಹುದು. ಆದ್ರೆ ಅಗೆಯುವ ವರ್ಷಗಳಲ್ಲಿ ಅದು ಹೆಚ್ಚಾಗದ ಹಾಗೆ ನೋಡಿಕೊಳ್ಳೋರು ಯಾರು, ಕೆಲಸ ಸ್ಥಳೀಯರಿಗೆ ಎಷ್ಟು, ನೆನಪಿಗೆ ಅಂತ ಒಂದು ಗುಡ್ಡವನ್ನಾದ್ರೂ ಬಿಡ್ತಾರಾ? ಈ ಮೂರನ್ನೂ ಹರಾಜಿನ ಷರತ್ತಿಗೆ ಸೇರಿಸಿ ಅಂತ ರಾಬರ್ಟ್‌ಸನ್‌ಪೇಟೆ ನಗರಸಭೆ ನಿರ್ಣಯ ಮಾಡಿ ಕಳಿಸಬೇಕು. ಲಾರಿಗಳು ಓಡಾಡೋಕೆ ಶುರುವಾದ್ಮೇಲೆ ಆ ಕಾಗದವನ್ನ ಯಾರೂ ಓದಲ್ಲ.