ಸರ್ವರಿನ ಬೂಟ್ ಡಿಸ್ಕಿಗೂ ಟೆಂಡರಿನಲ್ಲಿ ಜಾಗ ಕೊಡಿ

ಮಾನ್ಯ ಚಾಮರಾಜನಗರ ಜಿಲ್ಲಾಧಿಕಾರಿಗಳಿಗೆ,

ಜಿಲ್ಲೆಯ ಯಾವುದೇ ಕಚೇರಿ, ಆಸ್ಪತ್ರೆ, ಕಾಲೇಜಿಗೆ ಸರ್ವರ್ ಕೊಳ್ಳುವ ಕಡತ ತಮ್ಮ ಮೇಜಿಗೆ ಬಂದಾಗ ಒಂದು ವಿಷಯವನ್ನು ತಾವು ಕೇಳಿ ನೋಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಪ್ರೊಸೆಸರ್‌ನಲ್ಲಿ ಎಷ್ಟು ಕೋರ್, ರ‍್ಯಾಮ್ ಎಷ್ಟು ಜಿಬಿ, ಡೇಟಾಗೆ ಎಷ್ಟು ಟಿಬಿ ಎಂದೆಲ್ಲ ಸ್ಪೆಸಿಫಿಕೇಶನ್ ಹಾಳೆಯಲ್ಲಿ ಬರೆದಿರುತ್ತಾರೆ. ಆ ಯಂತ್ರ ಯಾವ ಡಿಸ್ಕಿನಿಂದ ಬೂಟ್ ಆಗಬೇಕು, ಅಂದರೆ ಎದ್ದು ಕೆಲಸ ಶುರುಮಾಡಬೇಕು ಎಂಬುದನ್ನು ಮಾತ್ರ ಬರೆದಿರುವುದಿಲ್ಲ. ದರ ಇಳಿಸಿ ಟೆಂಡರ್ ಹಿಡಿದವರು ಹಾಳೆಯಲ್ಲಿ ಇಲ್ಲದ ಕಡೆಯಲ್ಲೇ ದುಡ್ಡು ಉಳಿಸುತ್ತಾರೆ.

2000ದ ದಶಕದ ಆರಂಭದಲ್ಲಿ ಜಮೀನು ದಾಖಲೆಗಳ ಭೂಮಿ ಯೋಜನೆ ಬಂದಾಗ ತಾಲ್ಲೂಕು ಕಚೇರಿಯಲ್ಲೇ ಸರ್ವರ್ ಇತ್ತು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಆಮೇಲೆ ಆ ದಾಖಲೆಗಳು ಬೆಂಗಳೂರಿನ ರಾಜ್ಯ ಡೇಟಾ ಸೆಂಟರ್ ಸೇರಿದವು. ಅಲ್ಲಿ ನೋಡಿಕೊಳ್ಳುವವರಿದ್ದಾರೆ. ನನ್ನ ಚಿಂತೆ ಇಲ್ಲೇ, ನಮ್ಮ ಊರುಗಳಲ್ಲೇ ಓಡಬೇಕಾದ ಯಂತ್ರಗಳದು. ಲ್ಯಾಬ್ ವರದಿ, ಕಾಲೇಜಿನ ದಾಖಲಾತಿ, ಸಹಕಾರ ಸಂಘದ ಲೆಕ್ಕ, ಸಿಸಿಟಿವಿ ರೆಕಾರ್ಡಿಂಗ್, ಇವಕ್ಕೆಲ್ಲ ಮೊದಲು ಒಂದೊಂದು ಯಂತ್ರ ಬೇಕಿತ್ತು. ವರ್ಚುವಲೈಸೇಶನ್ ಬಂದ ಮೇಲೆ ಹೋಸ್ಟ್ ಎನ್ನುವ ಒಂದೇ ಯಂತ್ರದ ಒಳಗೆ ಎಂಟು ಹತ್ತು ಸರ್ವರ್ ಕೂರುತ್ತವೆ. ಕರೆಂಟೂ ಉಳಿಯುತ್ತದೆ, ಜಾಗವೂ ಉಳಿಯುತ್ತದೆ. ಆದರೆ ಆ ಹೋಸ್ಟ್ ಏಳದಿದ್ದರೆ ಎಂಟೂ ಏಳುವುದಿಲ್ಲ.

ಇದನ್ನು ಕಣ್ಣಾರೆ ಕಂಡಿದ್ದೇನೆ. ಸಂಸ್ಥೆಯ ಹೆಸರು ಬೇಡ. ಬೂಟ್ ಆಗಲು ಬೆರಳಿನ ಉಗುರಿನಷ್ಟೇ ಇರುವ ಒಂದು ಎಸ್‌ಡಿ ಕಾರ್ಡ್ ಹಾಕಿಕೊಟ್ಟಿದ್ದರು. ವಿಎಂವೇರ್‌ನ ವರ್ಚುವಲೈಸೇಶನ್ ತಂತ್ರಾಂಶ ಇಎಸ್‌ಎಕ್ಸ್‌ಐ ಒಮ್ಮೆ ಎದ್ದ ಮೇಲೆ ಬಹುಪಾಲು ರ‍್ಯಾಮ್‌ನಲ್ಲೇ ಓಡುತ್ತದೆ. ಹಾಗಾಗಿ ಕಾರ್ಡ್ ಸತ್ತರೂ ಕೆಲಸ ನಡೆದೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಬೇಸಿಗೆಯ ಕೊನೆಯ ಗಾಳಿಮಳೆಗೆ ಗುಂಡ್ಲುಪೇಟೆ ಕಡೆ ಲೈನ್ ಬಿತ್ತು, ಯುಪಿಎಸ್ ಬರಿದಾಯಿತು. ಕರೆಂಟ್ ಬಂದಾಗ ಯಂತ್ರ ಏಳಲಿಲ್ಲ. ಡೇಟಾ ಡಿಸ್ಕುಗಳಲ್ಲಿ ಒಂದಕ್ಷರವೂ ಹಾಳಾಗಿರಲಿಲ್ಲ. ಅವನ್ನು ತೆರೆದು ತೋರಿಸುವ ತಂತ್ರಾಂಶವೇ ಇರಲಿಲ್ಲ, ಅಷ್ಟೇ. ಎಂಜಿನಿಯರ್ ಮೈಸೂರಿನಿಂದ 60 ಕಿಲೋಮೀಟರ್ ಬರಬೇಕು, ಬಿಡಿಭಾಗ ಬೆಂಗಳೂರಿನಿಂದ ಬರಬೇಕು. ಅಲ್ಲಿಯವರೆಗೆ ಕೌಂಟರ್ ಮುಂದೆ ಕೂಲಿ ಬಿಟ್ಟು ಬಂದವರು ನಿಂತೇ ಇದ್ದರು. ‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬ ಮಾತಿಗೆ ನಮ್ಮ ಜನ ಎಷ್ಟು ಒಗ್ಗಿಹೋಗಿದ್ದಾರೆಂದರೆ ಯಾರೂ ಜಗಳವನ್ನೂ ಆಡಲಿಲ್ಲ. ನನ್ನನ್ನು ಕಾಡಿದ್ದು ಅದೇ.

ಎಸ್‌ಡಿ ಕಾರ್ಡ್, ಪೆನ್‌ಡ್ರೈವ್‌ಗಳಿಂದ ಬೂಟ್ ಮಾಡುವುದು ಒಂದು ಕಾಲಕ್ಕೆ ಒಪ್ಪಿತ ಪದ್ಧತಿಯೇ ಆಗಿತ್ತು. 2020ರಲ್ಲಿ ಇಎಸ್‌ಎಕ್ಸ್‌ಐ 7.0 ಬಂದಾಗ ಬೂಟ್ ಡಿಸ್ಕಿನ ವಿನ್ಯಾಸ ಬದಲಾಯಿತು. ಲಾಗ್, ಸಂರಚನೆ ಎಲ್ಲವನ್ನೂ ತಂತ್ರಾಂಶ ಆ ಡಿಸ್ಕಿನ ಮೇಲೇ ಮತ್ತೆ ಮತ್ತೆ ಬರೆಯತೊಡಗಿತು. ಅಷ್ಟು ಬರವಣಿಗೆ ತಾಳದೆ ಕಾರ್ಡುಗಳು ಸಾಯತೊಡಗಿದವು. ಅವನ್ನು ಬಿಟ್ಟುಬಿಡಿ ಎಂದು ಕೊನೆಗೆ ವಿಎಂವೇರ್ ಕಂಪನಿಯೇ ಹೇಳಿತು. ಅದರ ಪ್ರಕಾರ ಬೂಟ್ ಡಿಸ್ಕ್ ಕನಿಷ್ಠ 32 ಜಿಬಿಯದಿರಬೇಕು, 128 ಜಿಬಿ ಇದ್ದರೆ ನಿಶ್ಚಿಂತೆ. ಬ್ರಾಡ್‌ಕಾಮ್ 2023ರಲ್ಲಿ ವಿಎಂವೇರ್ ಅನ್ನು ಕೊಂಡ ಮೇಲೆ ಲೈಸೆನ್ಸ್ ಖರ್ಚಿಗೆ ಹೆದರಿ ಹಲವರು ಪ್ರಾಕ್ಸ್‌ಮಾಕ್ಸ್ ಎಂಬ ಇಂಥದೇ ತಂತ್ರಾಂಶದ ಕಡೆ ಹೊರಳಿದ್ದಾರೆ. ಅದು ಡೆಬಿಯನ್ ಲಿನಕ್ಸ್ ಮೇಲೆ ನಿಂತದ್ದು, ಬೂಟ್ ಡಿಸ್ಕಿನ ಮೇಲೆ ಸದಾ ಬರೆಯುತ್ತಲೇ ಇರುತ್ತದೆ. ಲ್ಯಾಪ್‌ಟಾಪಿಗೆ ಹಾಕುವ ಅಗ್ಗದ ಎಸ್‌ಎಸ್‌ಡಿ ಅಲ್ಲಿ ಬೇಗ ಸವೆಯುತ್ತದೆ.

ನನ್ನ ಕೋರಿಕೆ ದೊಡ್ಡದಲ್ಲ. ಬೂಟ್‌ಗೆಂದೇ ಎರಡು ಸಣ್ಣ ಎಸ್‌ಎಸ್‌ಡಿ, 240 ಅಥವಾ 480 ಜಿಬಿಯವು, ಸರ್ವರ್ ದರ್ಜೆಯವು, ದಿಢೀರನೆ ಕರೆಂಟ್ ಹೋದರೂ ಬರೆಯುತ್ತಿದ್ದುದನ್ನು ಕಾಪಾಡಿಕೊಳ್ಳುವಂಥವು ಇರಲಿ. ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರುವಂತೆ ರೇಡ್ 1ರಲ್ಲಿ ಜೋಡಿಸಿರಲಿ. ಡೆಲ್‌ನ ಬಾಸ್ ಕಾರ್ಡ್ ಇದಕ್ಕಾಗಿಯೇ ಇದೆ, ಬೇರೆ ಕಂಪನಿಗಳಲ್ಲೂ ಅಂಥವಿವೆ. ಇಡೀ ಸರ್ವರಿನ ಬೆಲೆಯ ಮುಂದೆ ಇದು ಸಣ್ಣ ಖರ್ಚು. ಡೇಟಾ ಡಿಸ್ಕುಗಳಲ್ಲೇ ಒಂದು ಮೂಲೆಯಲ್ಲಿ ಬೂಟ್ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಹಾಗೆ ಮಾಡಿದರೆ ನಾಳೆ ತಂತ್ರಾಂಶ ಬದಲಿಸುವಾಗ ಜನರ ದಾಖಲೆ ಇರುವ ಡಿಸ್ಕಿಗೇ ಕೈ ಹಾಕಬೇಕಾಗುತ್ತದೆ. ಬೇರೆಯಾಗಿದ್ದರೆ ಆ ಭಯವಿಲ್ಲ. ಅದೇ ರೀತಿ ಬ್ಯಾಕಪ್, ತಂತ್ರಾಂಶ ಅಳವಡಿಸುವ ಐಎಸ್‌ಒ ಫೈಲುಗಳನ್ನು ತಂದು ಬೂಟ್ ಡಿಸ್ಕಿನ ಮೇಲೆ ತುಂಬುವುದೂ ಆಗಬಾರದು. ಅದು ಭರ್ತಿಯಾದ ದಿನ ಹೋಸ್ಟ್ ತತ್ತರಿಸುತ್ತದೆ.

ಎರಡು ಡಿಸ್ಕ್ ಇದೆ ಎಂದು ನಿಶ್ಚಿಂತರಾಗುವಂತೆಯೂ ಇಲ್ಲ. ಪ್ರಾಕ್ಸ್‌ಮಾಕ್ಸ್ ಅನ್ನು ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಜೋಡಿ ಡಿಸ್ಕುಗಳ ಮೇಲೆ ಹಾಕಿದ್ದಾಗ, ಕೆಟ್ಟ ಡಿಸ್ಕ್ ತೆಗೆದು ಹೊಸದು ಸೇರಿಸಿದರೆ ಡೇಟಾ ತಾನಾಗಿ ಬರಬಹುದು, ಯಂತ್ರವನ್ನು ಎಬ್ಬಿಸುವ ಬೂಟ್ ಲೋಡರ್ ಬರುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಹಾಕಬೇಕು. ಮರೆತರೆ ಉಳಿದ ಹಳೆಯ ಡಿಸ್ಕ್ ಕೆಟ್ಟ ದಿನ ಗೊತ್ತಾಗುತ್ತದೆ. ಇಎಸ್‌ಎಕ್ಸ್‌ಐ ಹೊಸ ಆವೃತ್ತಿಗಳಲ್ಲಿ ಟಿಪಿಎಂ ಎಂಬ ಭದ್ರತಾ ಚಿಪ್ ಇದ್ದರೆ ಸಂರಚನೆ ಗೂಢಲಿಪಿಯಲ್ಲಿರುತ್ತದೆ. ಅದರ ರಿಕವರಿ ಕೀ ಬರೆದಿಟ್ಟುಕೊಳ್ಳದೆ ಮದರ್‌ಬೋರ್ಡ್ ಬದಲಿಸಿದರೆ ಡಿಸ್ಕ್ ಸರಿಯಿದ್ದರೂ ಯಂತ್ರ ಏಳುವುದಿಲ್ಲ. ಆ ಕೀ, ಹೋಸ್ಟಿನ ಸಂರಚನೆಯ ಪ್ರತಿ, ಇವೆರಡೂ ಕಚೇರಿಯ ಬೀರುವಿನಲ್ಲಿರಬೇಕು, ಗುತ್ತಿಗೆದಾರನ ಲ್ಯಾಪ್‌ಟಾಪಿನಲ್ಲಲ್ಲ. ಹೋಸ್ಟ್ ಒಳಗಿನ ವರ್ಚುವಲ್ ಸರ್ವರುಗಳ ಬ್ಯಾಕಪ್ ತೆಗೆಯುವಾಗ ಹೋಸ್ಟಿನ ಸಂರಚನೆ ಅದರಲ್ಲಿ ಸೇರಿರುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಯಂತ್ರ ಒಪ್ಪಿಸಿಕೊಳ್ಳುವ ದಿನ, ಬಿಲ್ಲಿಗೆ ಸಹಿ ಹಾಕುವ ಮೊದಲು, ಒಂದು ಬೂಟ್ ಡಿಸ್ಕ್ ಹೊರಗೆಳೆದು ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿ ತೋರಿಸಲಿ. ಅದನ್ನು ಮರಳಿ ಜೋಡಿಸಿ, ಎರಡೂ ಸಮಕ್ಕೆ ಬಂದ ಮೇಲೆ ಇನ್ನೊಂದನ್ನೂ ಹಾಗೆಯೇ ತೆಗೆದು ತೋರಿಸಲಿ. ಡಿಸ್ಕ್ ಕೆಟ್ಟರೆ ಯಾರ ಮೊಬೈಲಿಗೆ, ಯಾವ ಇಮೇಲಿಗೆ ಸೂಚನೆ ಬರುತ್ತದೆಂಬುದೂ ಅಂದೇ ತೀರ್ಮಾನವಾಗಲಿ. ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು, ಕೊನೆಯ ವರ್ಷದ ವಿದ್ಯಾರ್ಥಿಗಳು ಅಂದು ಜೊತೆಗಿದ್ದರೆ ಅವರಿಗೂ ಕಲಿಕೆಯಾಗುತ್ತದೆ, ಕಚೇರಿಗೂ ಸಾಕ್ಷಿ ಸಿಗುತ್ತದೆ. ಗುಂಡ್ಲುಪೇಟೆ, ಹನೂರಿನಂಥ ದೂರದ ತಾಲ್ಲೂಕುಗಳಿಗೆ ಒಂದು ಬದಲಿ ಡಿಸ್ಕ್ ಮೊದಲೇ ಕೊಂಡು ಅಲ್ಲೇ ಇಡುವ ಷರತ್ತು ಸೇರಲಿ. ಕೆಟ್ಟ ಡಿಸ್ಕ್ ಕಂಪನಿಗೆ ಹಿಂದಿರುಗಿಸಬೇಕಿಲ್ಲ ಎಂಬ ಷರತ್ತೂ ಇರಲಿ, ಅದರಲ್ಲಿ ಪಾಸ್‌ವರ್ಡ್‌ಗಳ ಗುರುತುಗಳಿರುತ್ತವೆ.

ಮುಂದಿನ ಟೆಂಡರ್ ಹಾಳೆ ಅಂತಿಮವಾಗುವ ಮೊದಲು ಈ ಷರತ್ತುಗಳನ್ನು ಸೇರಿಸುವಂತೆ ತಾವು ಲಿಖಿತ ಸೂಚನೆ ಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಈಗಾಗಲೇ ಓಡುತ್ತಿರುವ ಯಂತ್ರಗಳು ಯಾವುದರಿಂದ ಬೂಟ್ ಆಗುತ್ತಿವೆ ಎಂದು ಪ್ರತಿ ಕಚೇರಿಯಿಂದಲೂ, ಮುಂದಿನ ಮಳೆಗಾಲಕ್ಕೆ ಮುಂಚೆ, ಒಂದು ವರದಿ ತರಿಸಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ಸರ್ವರ್ ನಿರ್ವಹಣೆಯ ಕೆಲಸದಲ್ಲಿರುವ ಗುಂಡ್ಲುಪೇಟೆಯ ಒಬ್ಬ ನಿವಾಸಿ